ಜಮಾ ಮಾತ್ರ ಇರುವ ಖಾತೆ

ಇಪ್ಪತ್ತು ವರ್ಷಗಳ ವೃತ್ತಿಯಲ್ಲಿ ನೂರಾರು ಲೆಕ್ಕಪತ್ರಗಳನ್ನು ಪರಿಶೀಲಿಸಿ ಸಹಿ ಹಾಕಿದ್ದೇನೆ. ಆದರೆ ನಾನು ಕೊಟ್ಟ ಅತ್ಯಂತ ಕೆಟ್ಟ ವರದಿ ಯಾವ ಕಂಪನಿಗೂ ಸಂಬಂಧಿಸಿದ್ದಲ್ಲ. 2023ರ ಜುಲೈ ತಿಂಗಳಲ್ಲಿ, ಜರ್ಮನಿಯ ನನ್ನ ಮನೆಯ ಅಡುಗೆಮನೆಯಲ್ಲಿ ನಿಂತು, ಸಾಗರದಲ್ಲಿರುವ ಚಿಕ್ಕಪ್ಪನಿಗೆ ಫೋನಿನಲ್ಲಿ ಕೊಟ್ಟ ವರದಿ ಅದು. "ಲೇಸರ್ ತಗೊಂಡ ಮೇಲೆ ಕಿವಿಯ ಸದ್ದು ಮೂವತ್ತು ಪರ್ಸೆಂಟ್ ಕಮ್ಮಿ ಆಗಿದೆ ಚಿಕ್ಕಪ್ಪ" ಎಂದೆ. ಆ ಒಂದು ಮಾತಿಗೆ ಅವರು ತೆತ್ತ ಬೆಲೆ 60,000 ರೂಪಾಯಿ ಮತ್ತು ಒಂದೂವರೆ ವರ್ಷ.

ಕಿವಿಮೊರೆತಕ್ಕೂ ಕಿವುಡುತನಕ್ಕೂ ಲೇಸರ್ ಬೆಳಕನ್ನು ಮದ್ದು ಎಂದು ಮಾರುವವರ ವಿರುದ್ಧ ಈ ಲೇಖನ ಬರೆಯುತ್ತಿದ್ದೇನೆ. ಅವರಿಗೆ ಸಂಬಳವಿಲ್ಲದ ಏಜೆಂಟರಾಗಿ ದುಡಿಯುತ್ತಿರುವ ನನ್ನಂಥ ಓದಿದವರ ವಿರುದ್ಧವೂ ಹೌದು.

ನನ್ನ ಕಿವಿಗೆ ಪೆಟ್ಟು ಬಿದ್ದದ್ದು 2022ರ ಡಿಸೆಂಬರ್ 31ರ ರಾತ್ರಿ. ಹೊಸವರ್ಷದ ಆ ಒಂದು ರಾತ್ರಿ ಜರ್ಮನಿಯ ಬೀದಿಗಳು ನಮ್ಮ ದೀಪಾವಳಿಯನ್ನು ನಾಚಿಸುತ್ತವೆ. ಯಾರೋ ಹುಡುಗರು ಎಸೆದ ಪಟಾಕಿಯೊಂದು ನನ್ನ ಎಡಗಿವಿಯಿಂದ ಒಂದು ಮಾರು ದೂರದಲ್ಲಿ ಸಿಡಿಯಿತು. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಶುರುವಾದದ್ದು ಇಂದಿಗೂ ನಿಂತಿಲ್ಲ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಅದು ಮಳೆಗಾಲದ ಸಂಜೆಯ ಜೀರುಂಡೆಯ ಸದ್ದಿನ ಹಾಗೆಯೇ ಕೇಳಿಸಿತು. "ಊರು ಬಿಟ್ಟು ಬಂದವನನ್ನು ಊರೇ ಹುಡುಕಿಕೊಂಡು ಬಂದಿದೆ" ಎಂದು ಹೆಂಡತಿಗೆ ತಮಾಷೆ ಮಾಡಿದೆ. ಮೂರನೇ ರಾತ್ರಿ ನಿದ್ದೆಯಿಲ್ಲದೆ ಎದ್ದು ಕೂತಾಗ ತಮಾಷೆ ಮುಗಿದಿತ್ತು.

ಕಿವಿಯ ವೈದ್ಯರು ಪರೀಕ್ಷೆ ಮಾಡಿ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ 4,000 ಹರ್ಟ್ಜ್ ಹತ್ತಿರ ಒಂದು ಗುಂಡಿ ಬಿದ್ದಿತ್ತು. ದೊಡ್ಡ ಸದ್ದಿನಿಂದ ಕೆಟ್ಟ ಕಿವಿಯ ಗುರುತು ಅದು. ಆರು ವಾರಗಳ ನಂತರ ಮತ್ತೆ ಹೋದಾಗ ಗುಂಡಿ ಸ್ವಲ್ಪ ತುಂಬಿತ್ತು, ಜೀರುಂಡೆ ಹಾಗೆಯೇ ಇತ್ತು. ವೈದ್ಯರು ಗಡಿಯಾರ ನೋಡಿ, "ಇದಕ್ಕೆ ಮಾಡುವುದು ಏನೂ ಇಲ್ಲ. ಅಭ್ಯಾಸ ಮಾಡಿಕೊಳ್ಳಿ" ಎಂದರು. ನಾನು ಒಳಗೆ ಹೋಗಿ ಹೊರಗೆ ಬಂದದ್ದು ಒಟ್ಟು ನಾಲ್ಕು ನಿಮಿಷ.

ಲೇಸರ್ ಅಂಗಡಿಯ ಬಾಗಿಲನ್ನು ತೆರೆದದ್ದು ಆ ನಾಲ್ಕು ನಿಮಿಷ. ಇದನ್ನು ವೈದ್ಯರು ತಿಳಿದುಕೊಳ್ಳಬೇಕು. "ಏನೂ ಇಲ್ಲ" ಎಂದು ಒಬ್ಬರು ಬಾಗಿಲು ಹಾಕಿದರೆ, "ಎಲ್ಲ ಇದೆ" ಎನ್ನುವ ಇನ್ನೊಬ್ಬರ ಬಾಗಿಲನ್ನು ರೋಗಿ ತಟ್ಟಿಯೇ ತಟ್ಟುತ್ತಾನೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಆ ಹುಲ್ಲುಕಡ್ಡಿಯನ್ನು ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವವರು ದಡದಲ್ಲಿ ಕಾದಿರುತ್ತಾರೆ.

ನನಗೆ ವಿಳಾಸ ಸಿಕ್ಕಿದ್ದು ಯುಗಾದಿಯ ಕೂಟದಲ್ಲಿ. ಹೋಳಿಗೆ ತಿನ್ನುತ್ತಾ ಗೆಳೆಯರೊಬ್ಬರು, "ನಮ್ಮ ಆಫೀಸಿನವನೊಬ್ಬನಿಗೆ ಲೇಸರ್‌ನಲ್ಲಿ ಪೂರ್ತಿ ವಾಸಿಯಾಯಿತಂತೆ" ಎಂದರು. ಅಂತೆ ಎಂಬ ಆ ಎರಡಕ್ಷರವನ್ನು ಯಾವ ಕಂಪನಿಯ ಕಡತದಲ್ಲಿ ಕಂಡರೂ ನಾನು ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಿದ್ದೆ. ಅಂದು ಹೋಳಿಗೆಯ ಜೊತೆ ನುಂಗಿಬಿಟ್ಟೆ. ಮುಂದಿನ ವಾರವೇ ರೈಲು ಹತ್ತಿದೆ.

ಅದೊಂದು ಖಾಸಗಿ ಚಿಕಿತ್ಸಾಲಯ. ಸ್ವಚ್ಛವಾದ ಕೋಣೆ, ಒರಗು ಕುರ್ಚಿ, ಹಿತವಾದ ಮಾತು. ಮೊದಲ ದಿನ ಒಂದು ಗಂಟೆ ನನ್ನ ಕಥೆ ಕೇಳಿದರು. ಬಳಿಕ ವಿವರಣೆ ಕೊಟ್ಟರು. ಇದು ಸುಡುವ, ಕತ್ತರಿಸುವ ಲೇಸರ್ ಅಲ್ಲ, ಕಡಿಮೆ ಶಕ್ತಿಯ ಲೇಸರ್. ಬೆಳಕು ಜೀವಕೋಶದೊಳಗಿನ ಮೈಟೋಕಾಂಡ್ರಿಯಾಗಳನ್ನು ಚುರುಕುಗೊಳಿಸುತ್ತದೆ. ದಣಿದ ಕೋಶ ಚೇತರಿಸಿಕೊಳ್ಳುತ್ತದೆ. ಕಿವಿ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ.

ಈ ವಿವರಣೆ ಪೂರ್ತಿ ಸುಳ್ಳಲ್ಲ, ಅಪಾಯ ಇರುವುದೇ ಅಲ್ಲಿ. 1967ರಲ್ಲಿ ಹಂಗೇರಿಯ ವೈದ್ಯ ಎಂದ್ರೆ ಮೆಷ್ಟರ್ ಬೋಳಿಸಿದ ಇಲಿಗಳ ಮೇಲೆ ಮಂದ ಲೇಸರ್ ಬಿಟ್ಟಾಗ ಅಲ್ಲಿ ಕೂದಲು ಬೇಗ ಬೆಳೆದದ್ದನ್ನು ಕಂಡಿದ್ದರು. ಈ ಶಾಖೆ ಶುರುವಾದದ್ದೇ ಅಲ್ಲಿಂದ. ಕೆಂಪು ಮತ್ತು ಅವಕೆಂಪು ಬೆಳಕನ್ನು ಜೀವಕೋಶ ಹೀರಿಕೊಳ್ಳುವುದನ್ನು ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ದೊಡ್ಡ ಸದ್ದಿಗೆ ಒಡ್ಡಿದ ಇಲಿಗಳ ಕಿವಿಗೆ ಲೇಸರ್ ಬಿಟ್ಟಾಗ ಶ್ರವಣ ಸ್ವಲ್ಪ ಸುಧಾರಿಸಿದ ವರದಿಗಳೂ ಇವೆ.

ಆದರೆ ಇಲಿಯಿಂದ ನನ್ನ ಕಿವಿಗೆ ದೂರ ಬಹಳ. ಮನುಷ್ಯನ ಒಳಗಿವಿಯ ಶಂಖ ಕಿವಿತಮಟೆಯ ಆಚೆ, ದೇಹದ ಅತ್ಯಂತ ಗಟ್ಟಿಯಾದ ಮೂಳೆಗಳಲ್ಲೊಂದರ ಒಳಗೆ ಹುದುಗಿದೆ. ಹೊರಗೆ ಬಿಟ್ಟ ಬೆಳಕಿನಲ್ಲಿ ಅಲ್ಲಿಗೆ ತಲುಪುವ ಪಾಲು ತೀರಾ ಚಿಕ್ಕದು. ಆ ಶಂಖದಲ್ಲಿ ಸುಮಾರು 15,000 ಕೂದಲು ಕೋಶಗಳಿವೆ. ಸತ್ತ ಕೋಶ ಹಕ್ಕಿಗಳಲ್ಲಿ ಮತ್ತೆ ಹುಟ್ಟುತ್ತದೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಇನ್ನು ಮೊರೆತದ ಸದ್ದು ಬಹುಪಾಲು ಹುಟ್ಟುವುದು ಕಿವಿಯಲ್ಲೂ ಅಲ್ಲ ಎಂದು ಈಗಿನ ತಜ್ಞರು ಹೇಳುತ್ತಾರೆ. ಕಿವಿಯಿಂದ ಬರಬೇಕಾದ ಸಂಕೇತ ಕಡಿಮೆಯಾದಾಗ, ಸ್ಟೇಷನ್ ಸಿಗದ ರೇಡಿಯೋದ ವಾಲ್ಯೂಮ್ ತಿರುಗಿಸುವವರ ಹಾಗೆ ಮೆದುಳು ತನ್ನ ವಾಲ್ಯೂಮನ್ನು ತಾನೇ ಏರಿಸಿಕೊಳ್ಳುತ್ತದೆ. ಆಗ ಕೇಳುವ ಕರಕರ ಸದ್ದೇ ನಮ್ಮ ಜೀರುಂಡೆ. ಒರಗು ಕುರ್ಚಿಯಲ್ಲಿ ಇದನ್ನೆಲ್ಲ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈಗ ಖರ್ಚಿನ ಬಾಬ್ತು. ಒಂದಕ್ಕೆ 110 ಯೂರೋದಂತೆ ಹತ್ತು ಸಿಟ್ಟಿಂಗ್, 1,100. ಮನೆಯಲ್ಲಿ ದಿನವೂ ಹಾಕಿಕೊಳ್ಳಲು ಹೆಡ್‌ಫೋನಿನಂಥ ಯಂತ್ರ, 2,650. ರೈಲಿನ ಟಿಕೆಟ್ಟು ಮತ್ತಿತರ, 340. ಒಟ್ಟು 4,090 ಯೂರೋ. ಆರೋಗ್ಯ ವಿಮೆಯವರು ಒಂದು ಪೈಸೆ ಕೊಡುವುದಿಲ್ಲ ಎಂದು ಕಾಗದ ಬರೆದರು. ನನಗೆ ಸಿಟ್ಟು ಬಂತು, ಜಿಪುಣರು ಎಂದು ಬೈದೆ. ವಿಮೆಯವರು ಏಕೆ ಕೊಡುತ್ತಿಲ್ಲ ಎಂಬ ಪ್ರಶ್ನೆ ಒಬ್ಬ ಲೆಕ್ಕಿಗನಿಗೆ ಏಳಲೇ ಇಲ್ಲ.

ಬದಲಿಗೆ ನನ್ನ ವಿದ್ಯೆಯನ್ನೆಲ್ಲ ಒಂದು ಎಕ್ಸೆಲ್ ಹಾಳೆಗೆ ಸುರಿದೆ. ಪ್ರತಿ ರಾತ್ರಿ ಸದ್ದಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಮೊದಲ ತಿಂಗಳ ಸರಾಸರಿ 7.8, ಮೂರನೇ ತಿಂಗಳಿನದು 5.4. ಇಳಿಕೆ ಶೇಕಡಾ 30.77. ಎರಡು ದಶಾಂಶ ಸ್ಥಾನ! ದಶಾಂಶದ ಮುಂದೆ ಎರಡು ಅಂಕಿ ಕಂಡರೆ ನಾವು ಲೆಕ್ಕಿಗರಿಗೆ ದೇವರು ಕಂಡಂತೆ. ಅಂಕ ಕೊಟ್ಟವನು ನಾನೇ, ಹಣ ಕಟ್ಟಿದವನೂ ನಾನೇ, ಗುಣವಾಗಬೇಕೆಂದು ಬಯಸಿದವನೂ ನಾನೇ ಎಂಬುದು ಆ ಹಾಳೆಯ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಇದೇ ಹೊತ್ತಿಗೆ ಚಿಕ್ಕಪ್ಪನ ಫೋನು ಬಂತು. ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ದುಡಿದವರು. ಎರಡೂ ಕಿವಿ ಮಂದ, ಜೊತೆಗೆ ರಾತ್ರಿಯಿಡೀ ಗುಂಯ್ ಎನ್ನುವ ಸದ್ದು. ನಮ್ಮ ಕಡೆಯೇ ಒಂದು ದೊಡ್ಡ ಊರಿನಲ್ಲಿ ಲೇಸರ್ ಚಿಕಿತ್ಸೆ ಕೊಡುತ್ತಾರಂತೆ, ಹೋಗಲೋ ಬೇಡವೋ ಎಂದು ಕೇಳಿದರು. ನಾನು ಎಕ್ಸೆಲ್ ಹಾಳೆಯ ಅಂಕಿಯನ್ನು ಓದಿ ಹೇಳಿದೆ. ಅವರು ಆಗಸ್ಟಿನಲ್ಲಿ ಶುರುಮಾಡಿದರು. ಒಂದು ಸಿಟ್ಟಿಂಗಿಗೆ 2,500 ರೂಪಾಯಿ.

ಅಕ್ಟೋಬರಿನ ಒಂದು ಸಂಜೆ ಏಳನೇ ಕ್ಲಾಸಿನ ನನ್ನ ಮಗಳು ಶಾಲೆಯಿಂದ ಒಂದು ಹೊಸ ವಿಷಯ ಕಲಿತು ಬಂದಳು. ಟೀವಿ ರಿಮೋಟಿನಿಂದ ಬರುವ ಅವಕೆಂಪು ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಫೋನಿನ ಮುಂಬದಿಯ ಕ್ಯಾಮೆರಾಕ್ಕೆ ಕಾಣುತ್ತದೆ. ಮನೆಯ ರಿಮೋಟುಗಳೆಲ್ಲ ಮುಗಿದ ಮೇಲೆ, "ಅಪ್ಪಾ, ನಿನ್ನ ಮಿಷನ್ನೂ ಕೊಡು" ಎಂದಳು. ಸ್ವಿಚ್ ಒತ್ತಿ ಕ್ಯಾಮೆರಾದ ಮುಂದೆ ಹಿಡಿದೆವು. ಬಲಗಿವಿಯ ಬಟ್ಟಲು ನೇರಳೆ ಬಣ್ಣದಲ್ಲಿ ಹೊಳೆಯಿತು. ಎಡಗಡೆಯದು ಕಪ್ಪಾಗಿಯೇ ಇತ್ತು.

ನನ್ನ ಕೆಟ್ಟ ಕಿವಿ ಎಡಗಿವಿ.

ಯಂತ್ರವನ್ನು ವಾಪಸು ಕಳಿಸಿದೆ. ವೈರು ತುಂಡಾಗಿದೆ ಎಂದು ಒಂದು ಸಾಲು ಬರೆದು, ಗ್ಯಾರಂಟಿಯಲ್ಲಿ ಸರಿಮಾಡಿ ಕಳಿಸಿದರು. ಎಂದಿನಿಂದ ತುಂಡಾಗಿತ್ತೋ ಹೇಳಲಾಗದು ಎಂದರು. ಹಾಗಾದರೆ ನನ್ನ ಅಂಕ ಇಳಿದದ್ದು ಹೇಗೆ ಎಂದು ಚಿಕಿತ್ಸಾಲಯವನ್ನು ಕೇಳಿದೆ. "ಬಲಗಿವಿಗೆ ಬಿದ್ದ ಬೆಳಕು ಎಡಕ್ಕೂ ಸಹಾಯ ಮಾಡಿರಬಹುದು" ಎಂಬ ಉತ್ತರ ಬಂತು. ಆ ಉತ್ತರವನ್ನು ಓದಿದಾಗ ನನ್ನೊಳಗಿನ ಆಡಿಟರ್ ಆರು ತಿಂಗಳ ನಿದ್ದೆಯಿಂದ ಎದ್ದು ಕೂತ. ಬೆಳಕು ಬಿದ್ದರೂ ಗುಣ, ಬೀಳದಿದ್ದರೂ ಗುಣ ಎನ್ನುವ ಲೆಕ್ಕವನ್ನು ತಪ್ಪು ಎಂದು ತೋರಿಸಲು ದಾರಿಯೇ ಇಲ್ಲ. ಅಂಥ ಲೆಕ್ಕವನ್ನು ಸರಿ ಎಂದು ಒಪ್ಪಲೂ ದಾರಿಯಿಲ್ಲ.

ಒಂದು ವೈರು ತುಂಡಾದದ್ದರಿಂದ ಲೇಸರ್ ನಿರುಪಯೋಗಿ ಎಂದು ಸಿದ್ಧವಾಗುವುದಿಲ್ಲ, ಒಪ್ಪುತ್ತೇನೆ. ಎಷ್ಟು ದಿನ ಯಂತ್ರ ಸತ್ತಿತ್ತೋ ನನಗೆ ತಿಳಿಯದು. ಆದರೆ ಮೊದಲು ಮಾಡಬೇಕಿದ್ದ ಕೆಲಸವನ್ನು ಅದು ಕೊನೆಗೆ ಮಾಡಿಸಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಅಜ್ಜಂದಿರು ಹೇಳಿದ್ದರಲ್ಲ, ಹಾಗೆ ಪ್ರಮಾಣಿಸಿದ ಪ್ರಯೋಗಗಳನ್ನು ಹುಡುಕಿ ಓದಿದೆ.

ಆ ಪ್ರಯೋಗಗಳ ರೀತಿ ಸರಳ. ಕೆಲವರಿಗೆ ನಿಜವಾದ ಲೇಸರ್. ಉಳಿದವರಿಗೆ ನೋಡಲು ಹಾಗೆಯೇ ಇರುವ, ಆದರೆ ಚಿಕಿತ್ಸೆಯ ಬೆಳಕು ಬಾರದ ಯಂತ್ರ. ಯಾರಿಗೆ ಯಾವುದು ಎಂದು ರೋಗಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. 1999ರಲ್ಲಿ ಡೆನ್ಮಾರ್ಕಿನಲ್ಲಿ ಹೀಗೆ ಪರೀಕ್ಷಿಸಿದರು. ಎರಡು ಗುಂಪಿಗೂ ಗಣನೀಯ ವ್ಯತ್ಯಾಸವಿಲ್ಲ. 2002ರಲ್ಲಿ ಜಪಾನಿನಲ್ಲಿ 68 ಕಿವಿಗಳಿಗೆ ವಾರಕ್ಕೊಮ್ಮೆ ಆರು ನಿಮಿಷದಂತೆ ನಾಲ್ಕು ಸಲ ಕೊಟ್ಟು ನೋಡಿದರು. ವ್ಯತ್ಯಾಸವಿಲ್ಲ. 2009ರಲ್ಲಿ ಇಟಲಿಯಲ್ಲಿ 60 ಜನ, ಮೂರು ತಿಂಗಳು, ದಿನವೂ ಇಪ್ಪತ್ತು ನಿಮಿಷ. ವ್ಯತ್ಯಾಸವಿಲ್ಲ. 2013ರಲ್ಲಿ ಆಸ್ಟ್ರಿಯಾದಲ್ಲಿ ಇಂಥದೇ ಪ್ರಯೋಗ ನಡೆಯಿತು. ಅಲ್ಲೂ ವ್ಯತ್ಯಾಸವಿಲ್ಲ. ಟರ್ಕಿ ಮತ್ತು ಇರಾನಿನ ಕೆಲವು ಸಣ್ಣ ಪ್ರಯೋಗಗಳು ಉಪಯೋಗವಾಯಿತು ಎಂದಿವೆ. ಅದನ್ನೂ ಇಲ್ಲಿ ಹೇಳುತ್ತಿದ್ದೇನೆ, ಏಕೆಂದರೆ ಒಂದು ಕಡೆಯ ಲೆಕ್ಕ ಮಾತ್ರ ತೋರಿಸುವುದನ್ನೇ ನಾನು ಬೈಯುತ್ತಿರುವುದು. ಆದರೆ ಎರಡೂ ಕಡೆ ತೂಗಿದರೆ, 2,650 ಯೂರೋದ ಯಂತ್ರ ಮಾರಲು ಈ ಪುರಾವೆ ಸಾಲದು.

ಇನ್ನೊಂದು ಹಳೆಯ ಪ್ರಯೋಗ ನನ್ನ ಕಣ್ಣು ತೆರೆಸಿತು. 1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬಿಬ್ಬರು, ಕಿವಿಯ ದೂರೇ ಇಲ್ಲದ 80 ಜನರನ್ನು ಒಬ್ಬೊಬ್ಬರಾಗಿ ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ, ಏನು ಕೇಳುತ್ತಿದೆ ಎಂದು ವಿಚಾರಿಸಿದರು. ಶೇಕಡಾ 94 ಮಂದಿ ಗುಂಯ್, ಜುಂಯ್, ಶಿಳ್ಳೆ ಎಂದು ಏನೋ ಒಂದು ಸದ್ದು ಕೇಳುತ್ತಿದೆ ಎಂದರು. ಗಮನ ಕೊಟ್ಟರೆ ಆರೋಗ್ಯವಂತ ಕಿವಿಯೂ ಮೊರೆಯುತ್ತದೆ. ಗಮನ ಬೇರೆಡೆಗೆ ಹೋದಂತೆ, ಭಯ ಇಳಿದಂತೆ, ದಿನ ಕಳೆದಂತೆ ಸದ್ದಿನ ಕಾಟವೂ ಇಳಿಯುತ್ತದೆ. ನನ್ನ 7.8 ಎಂಬ ಅಂಕ 5.4ಕ್ಕೆ ಇಳಿಯಲು ಇಷ್ಟು ಸಾಕು. ಅದೂ ಅಲ್ಲದೆ, ಸದ್ದು ಅತಿಯಾದಾಗಲೇ ಯಾರಾದರೂ ಚಿಕಿತ್ಸೆಗೆ ಓಡುವುದು. ಶಿಖರದಲ್ಲಿ ನಿಂತವನು ಯಾವ ದಿಕ್ಕಿಗೆ ನಡೆದರೂ ಇಳಿಯುತ್ತಾನೆ. ನಾನು ಗುಣಮುಖನಾದದ್ದು ನಿಜ. ಅದನ್ನು ಲೇಸರಿನ ಖಾತೆಗೆ ಜಮಾ ಮಾಡಿದ್ದು ತಪ್ಪು.

ಮಾರುವವರ ಬಳಿ ಇದಕ್ಕೆಲ್ಲ ಸಿದ್ಧ ಉತ್ತರಗಳಿವೆ. ಮೊದಲನೆಯದು: "ಆ ಪ್ರಯೋಗಗಳಲ್ಲಿ ಬೆಳಕಿನ ಪ್ರಮಾಣ ಕಡಿಮೆ, ನಮ್ಮದು ಹೆಚ್ಚು." ಸರಿ ಸ್ವಾಮಿ, ಹಾಗಾದರೆ ನಿಮ್ಮ ಪ್ರಮಾಣವನ್ನೇ ಬಳಸಿ, ಬೆಳಕಿಲ್ಲದ ಯಂತ್ರದ ಜೊತೆ ಹೋಲಿಸಿ ತೋರಿಸಿ. ಅಲ್ಲಿಯವರೆಗೆ ಇದು ಪ್ರಯೋಗವೇ. ಪ್ರಯೋಗಕ್ಕೆ ಮೈಯೊಡ್ಡುವವನು ಹಣ ಕಟ್ಟಬಾರದು. ಸಿಟ್ಟಿಂಗಿಗೆ 110 ಯೂರೋ ವಸೂಲು ಮಾಡಿ, ಗುಣವಾಗದಿದ್ದರೆ "ಇದಿನ್ನೂ ಹೊಸ ಕ್ಷೇತ್ರ" ಎನ್ನುವುದು ಎಲ್ಲಿಯ ನ್ಯಾಯ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಎರಡನೆಯದು: "ಗುಣವಾಗದಿದ್ದರೂ ಹಾನಿಯಂತೂ ಇಲ್ಲ." ಜಪಾನಿನ ಆ ಪ್ರಯೋಗದಲ್ಲಿ ನಿಜವಾದ ಲೇಸರ್ ಪಡೆದ ಒಬ್ಬರಿಗೆ ಮೂರನೇ ಸಲದ ನಂತರ ಶ್ರವಣ ಏಕಾಏಕಿ ಕೆಟ್ಟಿತು. ಲೇಸರೇ ಕಾರಣ ಎಂದು ಒಬ್ಬರಿಂದ ಹೇಳಲಾಗದು, ಅದನ್ನು ಬಿಡೋಣ. ಕಳೆದ ಸಮಯ ಹಾನಿಯಲ್ಲವೇ? ಶ್ರವಣ ಇದ್ದಕ್ಕಿದ್ದಂತೆ ಹೋದರೆ ಸ್ಟೀರಾಯ್ಡ್ ಚಿಕಿತ್ಸೆಗೆ ಮೊದಲ ಎರಡು ವಾರ ಮುಖ್ಯ. ಒಂದೇ ಕಿವಿಯಲ್ಲಿ ಕಾರಣವಿಲ್ಲದೆ ಮೊರೆತ ಶುರುವಾದರೆ ಶ್ರವಣ ನರದ ಮೇಲೆ ಗೆಡ್ಡೆ ಇದೆಯೇ ಎಂದು ನೋಡಬೇಕಾಗಬಹುದು. ಆ ದಿನಗಳಲ್ಲಿ ಒರಗು ಕುರ್ಚಿಯಲ್ಲಿ ಮಲಗಿದವನು ಕಳೆದುಕೊಳ್ಳುವುದನ್ನು ಯಾವ ಬಿಲ್ಲೂ ತೋರಿಸುವುದಿಲ್ಲ.

ಮೂರನೆಯದು: "ನಮ್ಮಲ್ಲಿ ಗುಣವಾದವರ ಪತ್ರಗಳನ್ನು ನೋಡಿ." ನೋಡಿದ್ದೇನೆ. ಕಾಯುವ ಕೋಣೆಯಲ್ಲಿ ದಪ್ಪ ಆಲ್ಬಮ್ಮೇ ಇತ್ತು. ಗುಣವಾಗದೆ ಸುಮ್ಮನೆ ಮನೆಗೆ ಹೋದವರ ಆಲ್ಬಮ್ ಎಲ್ಲಿದೆ? ಜಮಾ ಮಾತ್ರ ಇದ್ದು ಖರ್ಚಿನ ಬದಿಯೇ ಇಲ್ಲದ ಖಾತೆಯನ್ನು ಹಳ್ಳಿಯ ಕಿರಾಣಿ ಅಂಗಡಿಯವನೂ ಲೆಕ್ಕ ಎನ್ನುವುದಿಲ್ಲ. ಲೆಕ್ಕ ಪರಿಶೋಧನೆಯಲ್ಲಿ ನಾವು ಕಲಿಯುವ ಮೊದಲ ಪಾಠಗಳಲ್ಲಿ ಒಂದು ಹೀಗಿದೆ: ಕಂಪನಿಯವರು ತಾವೇ ಕೊಡುವ ಕಾಗದಕ್ಕಿಂತ, ಬ್ಯಾಂಕಿನಿಂದ ನೇರವಾಗಿ ಬಂದ ಕಾಗದಕ್ಕೆ ಹೆಚ್ಚು ಬೆಲೆ. ಬ್ಯಾಂಕಿನ ಬಾಕಿಯನ್ನು ಕಂಪನಿಯ ಕ್ಯಾಷಿಯರನ ಬಾಯಿಮಾತಿನ ಮೇಲೆ ಒಪ್ಪದ ನಾವು, ನಮ್ಮ ಕಿವಿಯ ಬಾಕಿಯನ್ನು ಮಾರುವವನ ಆಲ್ಬಮ್ ನೋಡಿ ಒಪ್ಪಿಬಿಡುತ್ತೇವೆ.

ಕಾನೂನು ಇಲ್ಲವೆಂದಲ್ಲ. ಭಾರತದಲ್ಲಿ 1954ರಷ್ಟು ಹಿಂದೆಯೇ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ಬಂದಿದೆ. ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯೊಂದು ಅದರಲ್ಲಿದೆ. ಕಿವುಡುತನ ಆ ಪಟ್ಟಿಯಲ್ಲಿದೆ. ಜರ್ಮನಿಯಲ್ಲೂ ಚಿಕಿತ್ಸೆಯ ಬಗ್ಗೆ ದಾರಿ ತಪ್ಪಿಸುವ ಜಾಹೀರಾತಿಗೆ ನಿಷೇಧವಿದೆ. ಆದರೆ ಹೋಳಿಗೆ ತಿನ್ನುತ್ತಾ ಗೆಳೆಯ ಹೇಳುವ ಮಾತಿಗೆ, ಅಣ್ಣನ ಮಗ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳುವ ಮಾತಿಗೆ ಯಾವ ಕಾಯ್ದೆಯೂ ತಾಗುವುದಿಲ್ಲ. ಮಾರುವವರಿಗೆ ಇದು ಗೊತ್ತು. ಅವರ ಜಾಹೀರಾತು ನಾವೇ.

ನನ್ನ ತಪ್ಪಿನ ಉಳಿದರ್ಧವನ್ನೂ ಹೇಳಿಬಿಡುತ್ತೇನೆ. ವರದಿ ಕೊಟ್ಟ ನಂತರ ಅದರಲ್ಲಿ ತಪ್ಪಿದೆ ಎಂದು ಗೊತ್ತಾದರೆ, ಅದನ್ನು ನಂಬಿ ಕೂತವರಿಗೆ ತಿಳಿಯುವಂತೆ ಮಾಡಬೇಕು ಎಂಬುದು ನಮ್ಮ ವೃತ್ತಿಯ ನಿಯಮ. ಅಕ್ಟೋಬರಿನಲ್ಲಿ ನನಗೆ ಗೊತ್ತಾಗಿತ್ತು. ನವೆಂಬರಿನಲ್ಲಿ ದೀಪಾವಳಿಗೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. "ಹನ್ನೆರಡು ಸಿಟ್ಟಿಂಗ್ ಆಯ್ತು, ಇನ್ನೊಂದು ಕೋರ್ಸ್ ತಗಳಿ ಅಂದಿದಾರೆ" ಎಂದರು. ನಾನು ಹಬ್ಬದ ಊಟದ ಬಗ್ಗೆ ಮಾತಾಡಿ ಫೋನ್ ಇಟ್ಟೆ. ಮೂರ್ಖನಾದೆ ಎಂದು ಒಪ್ಪಿಕೊಳ್ಳಲು ನಾಚಿಕೆ. ಆ ನಾಚಿಕೆಗೆ ಅವರು ಇನ್ನೂ ಹನ್ನೆರಡು ಸಿಟ್ಟಿಂಗ್ ದುಡ್ಡು ಕಟ್ಟಿದರು.

2025ರ ಜನವರಿಯಲ್ಲಿ ಊರಿಗೆ ಹೋದಾಗ ಕಂಡದ್ದು ಬೇರೆಯೇ ಚಿಕ್ಕಪ್ಪ. ಎಲೆಯಡಿಕೆ ಹಾಕಿ ಜಗಲಿಯಲ್ಲಿ ಕೂತರೆ ಇಡೀ ಕೇರಿಯನ್ನು ನಗಿಸುತ್ತಿದ್ದವರು ಒಳಕೋಣೆ ಸೇರಿದ್ದರು. ಚಿಕ್ಕಮ್ಮ ಕರೆದರೆ ಕೇಳುವುದಿಲ್ಲ, ಮೊಮ್ಮಗು ಮಾತಾಡಿಸಿದರೆ ತಿಳಿಯದೆ ಸುಮ್ಮನೆ ನಗುತ್ತಾರೆ. ಹಿಯರಿಂಗ್ ಏಡ್ ಯಾಕೆ ಹಾಕಿಕೊಳ್ಳಲಿಲ್ಲ ಎಂದು ಕೇಳಿದೆ. "ಲೇಸರಲ್ಲಿ ಹುಷಾರಾಗತ್ತೆ ಅಂದ್ರಲ, ಅದಕ್ಕೆ ಕಾಯ್ತಾ ಇದ್ದೆ. ಕಿವೀಲಿ ಮಿಷನ್ ಸಿಗಿಸ್ಕಂಡ್ರೆ ಜನ ಕಿವುಡ ಅಂತಾರೆ" ಎಂದರು.

ಕನ್ನಡಕ ಹಾಕಿದವನನ್ನು ನಾವು ಕುರುಡ ಎನ್ನುವುದಿಲ್ಲ, ಓದಿದವನು ಎನ್ನುತ್ತೇವೆ. ಶ್ರವಣ ಸಾಧನ ಹಾಕಿದವನನ್ನು ಮಾತ್ರ ಕೆಪ್ಪ ಎಂದು ನಗುತ್ತೇವೆ. ಲೇಸರ್ ಮಾರುವವರ ಅರ್ಧ ಬಂಡವಾಳ ನಮ್ಮ ಈ ನಗು. ಯಾರಿಗೂ ಕಾಣದಂತೆ ಗುಣಪಡಿಸುತ್ತೇವೆ ಎನ್ನುವವನಿಗೆ ನಾವು ಎಷ್ಟು ಬೇಕಾದರೂ ಕೊಡುತ್ತೇವೆ.

ಅಂದು ರಾತ್ರಿ ಅವರ ಮುಂದೆ ಕೂತು, ತುಂಡಾದ ವೈರಿನಿಂದ ಹಿಡಿದು ದೀಪಾವಳಿಯ ಫೋನಿನವರೆಗೆ ಎಲ್ಲವನ್ನೂ ಜೋರಾಗಿ ಹೇಳಿದೆ. ಜೋರಾಗಿ ಹೇಳಬೇಕಾದ್ದರಿಂದ ಮನೆಮಂದಿಯೆಲ್ಲ ಕೇಳಿಸಿಕೊಂಡರು. ಚಿಕ್ಕಪ್ಪ ಬೈಯಲಿಲ್ಲ. "ನೀನು ಲೆಕ್ಕದವ. ನೀನು ಹೇಳಿದ ಮೇಲೆ ಸರಿ ಇರ್ತದೆ ಅಂದ್ಕಂಡೆ ಮಾರಾಯ" ಎಂದರು, ಅಷ್ಟೇ.

ಆ ವಾರವೇ ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲು ಹತ್ತಿಸಿ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. 1960ರ ದಶಕದಿಂದ ನಮ್ಮದೇ ರಾಜ್ಯದಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ. ನಾವು ಮಲೆನಾಡಿನವರು ಒಂದು ರಾತ್ರಿಯ ಪ್ರಯಾಣದಲ್ಲಿ ತಲುಪಬಹುದಾದ ಜಾಗ. ಕಿವಿ ಪರೀಕ್ಷೆ ಮಾಡಿದರು, ಎರಡೂ ಕಿವಿಗೆ ಸಾಧನ ಹೊಂದಿಸಿದರು. ಮೊದಲ ದಿನವೇ ಪವಾಡವೇನೂ ಆಗಲಿಲ್ಲ. ಪಾತ್ರೆಯ ಸದ್ದು ಕರ್ಕಶ ಎಂದು ಚಿಕ್ಕಪ್ಪ ಒಂದು ತಿಂಗಳು ಗೊಣಗಿದರು. ಈಗ ಫೋನಿನಲ್ಲಿ ಮಾತಾಡುತ್ತಾರೆ. ಹೊರಗಿನ ಸದ್ದು ಒಳಬಂದ ಮೇಲೆ ಒಳಗಿನ ಗುಂಯ್ ಹಿಂದೆ ಸರಿದಿದೆ, ರಾತ್ರಿ ಮಾತ್ರ ಕೇಳುತ್ತದಂತೆ. ಇದೂ ಒಬ್ಬರ ಸಾಕ್ಷ್ಯವೇ, ಹೌದು. ಆದರೆ ಶ್ರವಣ ದೋಷದ ಜೊತೆ ಮೊರೆತವಿದ್ದರೆ ಶ್ರವಣ ಸಾಧನ, ಸದ್ದಿನ ಭಯ ಮತ್ತು ಕಾಟಕ್ಕೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂದು ಜರ್ಮನಿಯ ವೈದ್ಯ ಸಂಘಗಳ 2021ರ ಮಾರ್ಗಸೂಚಿಯೂ ಹೇಳುತ್ತದೆ. ಅದು ಲೇಸರನ್ನು ಶಿಫಾರಸು ಮಾಡುವುದಿಲ್ಲ. ನಾನು ಯಂತ್ರ ಕೊಂಡಾಗ ಆ ಮಾರ್ಗಸೂಚಿ ಹೊರಬಂದು ಎರಡು ವರ್ಷವಾಗುತ್ತ ಬಂದಿತ್ತು. ಯಾರು ಬೇಕಾದರೂ ಓದಬಹುದಿತ್ತು. ಈ ಥೆರಪಿಯನ್ನು ಫೋನಿನ ಮೂಲಕವೇ ಕಲಿಸುವ, ವೈದ್ಯರು ಚೀಟಿ ಬರೆದರೆ ವಿಮೆಯೇ ಹಣ ಕೊಡುವ ಆಪ್ ಕೂಡ ಇಲ್ಲಿದೆ. ನನ್ನ ನಾಲ್ಕು ನಿಮಿಷದ ವೈದ್ಯರು ಐದನೇ ನಿಮಿಷ ಕೊಟ್ಟಿದ್ದರೆ ಅದನ್ನು ಹೇಳಬಹುದಿತ್ತು.

ಹಾಗಾಗಿ ನನ್ನ ಬೇಡಿಕೆ ಮೂರು. ವೈದ್ಯರೇ, "ಏನೂ ಇಲ್ಲ" ಎನ್ನಬೇಡಿ. ಸದ್ದನ್ನು ಅಳಿಸುವ ಮದ್ದಿಲ್ಲ, ಆದರೆ ಸದ್ದಿನ ಕಾಟವನ್ನು ಇಳಿಸುವ ದಾರಿಗಳಿವೆ ಎನ್ನಿ. ಲೇಸರ್ ಮಾರುವವರೇ, ಬೆಳಕಿಲ್ಲದ ಯಂತ್ರಕ್ಕಿಂತ ನಿಮ್ಮದು ಮೇಲು ಎಂದು ತೋರಿಸುವವರೆಗೆ ರೋಗಿಯಿಂದ ಹಣ ಪಡೆಯಬೇಡಿ. ಪಡೆಯುವುದೇ ಆದರೆ ನಾಲ್ಕು ದೇಶಗಳ ಪ್ರಯೋಗದ ಫಲಿತಾಂಶವನ್ನು ರಸೀದಿಯ ಮೇಲೇ ಅಚ್ಚು ಹಾಕಿಸಿ. ಕೊನೆಯದು ನಮಗೆ, ಊರಿನವರು "ವಿದೇಶದಲ್ಲಿರೋನು, ತಿಳಿದೋನು" ಎಂದು ನಂಬುವ ನಮಗೆ. ಯಾವುದೇ ಚಿಕಿತ್ಸೆಯ ಬಗ್ಗೆ ಬಾಯಿ ಬಿಡುವ ಮೊದಲು, ನನಗೆ ಇದು ಹೇಗೆ ಗೊತ್ತು ಎಂದು ಒಮ್ಮೆ ಕೇಳಿಕೊಳ್ಳೋಣ. ಹೇಳಿದ್ದು ತಪ್ಪೆಂದು ತಿಳಿದ ದಿನವೇ ಫೋನ್ ಮಾಡೋಣ.

ನನ್ನ ಜೀರುಂಡೆ ಈಗಲೂ ಕೂಗುತ್ತಿದೆ, ಇದನ್ನು ಬರೆಯುವಾಗಲೂ. ಅಂಕ ಕೊಡುವುದನ್ನು ನಿಲ್ಲಿಸಿದ್ದೇನೆ. ಯಂತ್ರ ನೆಲಮಾಳಿಗೆಯ ಕಪಾಟಿನಲ್ಲಿದೆ. ಹೋದ ತಿಂಗಳು ಒಬ್ಬರು ಅರ್ಧ ಬೆಲೆಗೆ ಕೊಡುತ್ತೀರಾ ಎಂದು ಕೇಳಿದರು. ಮಾರುವುದಿಲ್ಲ ಎಂದೆ, ಯಾಕೆ ಎಂದು ಅರ್ಧ ಗಂಟೆ ವಿವರಿಸಿದೆ. 2,650 ಯೂರೋವನ್ನು ಪೂರ್ತಿ ನಷ್ಟದ ಖಾತೆಗೆ ಬರೆದಿದ್ದೇನೆ. ಚಿಕ್ಕಪ್ಪನ 60,000 ರೂಪಾಯಿಯನ್ನು ನಾನು ಕೊಡುತ್ತೇನೆ ಎಂದರೆ ಅವರು ಒಪ್ಪುತ್ತಿಲ್ಲ. ಆ ಬಾಕಿ ನನ್ನ ಹೆಸರಿನಲ್ಲಿ ಹಾಗೆಯೇ ಇದೆ.